ಹಗ್ಗ ಇಟ್ಟುಕೊಂಡು ಮಾರಿದ ಕಂಪ್ಯೂಟರ್

ಕೌಸಲ್ಯಾಬಾಯಿಗೆ ಸಿಟ್ಟು ಬರುತ್ತದೆ ಎಂಬುದು ಔರಾದಿನಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಬಸ್ ನಿಲ್ದಾಣದ ಎದುರಿನ ಅವಳ ಝೆರಾಕ್ಸ್ ಅಂಗಡಿಗೆ ಮಡಚಿ ಮುದ್ದೆ ಮಾಡಿದ ಆಧಾರ್ ಕಾರ್ಡ್ ತಂದವರು ಮೊದಲು ಬೈಗುಳ ತಿನ್ನಬೇಕು, ಆಮೇಲೆ ಪ್ರಿಂಟ್ ತೆಗೆದುಕೊಳ್ಳಬೇಕು. ಬೈದ ಮೇಲೆ ಅವಳೇ ಚಹಾ ತರಿಸುವುದರಿಂದ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಭಾಲ್ಕಿಯ ತಂಗಿಯ ಮನೆಯಿಂದ ಬಂದು ಅಂಗಡಿಯ ಶಟರ್ ಎತ್ತಿದ ಆ ಬೆಳಿಗ್ಗೆ ಬಂದದ್ದು ಆ ನಮೂನೆಯ ಸಿಟ್ಟಲ್ಲ. ಮೂಲೆಯ ಸ್ಟೂಲಿನ ಮೇಲೆ ಹರಕು ಸೀರೆ ಹೊದಿಸಿ ಇಟ್ಟಿದ್ದ ಹಳೆಯ ಕಂಪ್ಯೂಟರ್ ಅಲ್ಲಿರಲಿಲ್ಲ. ಸೀರೆಯನ್ನು ಯಾರೋ ನೀಟಾಗಿ ಮಡಚಿ ಇಟ್ಟಿದ್ದರು.

ಕಳ್ಳರು ಮಡಚಿ ಇಟ್ಟು ಹೋಗುವುದಿಲ್ಲ. ಇಂಥ ಕೆಲಸ ಮಾಡುವವನು ಒಬ್ಬನೇ, ಅವಳ ಗಂಡ ಕಾಶೀರಾಮ.

ಅಂಗಡಿಯ ಹಿಂದೆಯೇ ಮನೆ. ಕಾಶೀರಾಮ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದ. ದನದ ಸಂತೆಯಲ್ಲಿ ದಲಾಲಿ ಮಾಡಿ ಕೂದಲು ಹಣ್ಣಾದ ಮನುಷ್ಯ. ಭಾಲ್ಕಿಯಿಂದ ಉದಗೀರದವರೆಗೆ ಅವನ ಕೂಗು ಗೊತ್ತಿಲ್ಲದ ರೈತನಿಲ್ಲ.

"ಹಳೀ ಕಂಪ್ಯೂಟರ್ ಎಲ್ಲಿ ಅದ?"

"ಮಾರ್ದೆ," ಎಂದ ಕಾಶೀರಾಮ, ಶಭಾಶ್ ಅನ್ನಿಸಿಕೊಳ್ಳುವ ಆಸೆಯಲ್ಲಿ. "ಬೀದರದಾಗ ನಜಮೋದ್ದೀನಂದು ಹಳೀ ಸಾಮಾನಿನ ದುಕಾನ ಅದಲ್ಲ, ನಿನ್ನಿ ಅಲ್ಲಿ ಕೊಟ್ಟು ಬಂದೆ. ಹೊಸಾದು ಬಂದ ಮ್ಯಾಲ ಆ ಮುದಿ ಎತ್ತ ಕಟಗೊಂಡು ಏನ್ ಮಾಡೋದು?"

"ಯಾರನ್ ಕೇಳಿ ಮಾರ್ದಿ ನೀ?"

ಎಲೆ ಅವನ ಬಾಯಿಯ ಹತ್ತಿರವೇ ನಿಂತಿತು. ಮದುವೆಯಾದಾಗಿನಿಂದ ಅವಳು ಅವನಿಗೆ 'ನೀವು' ಬಿಟ್ಟು ಬೇರೆ ಅಂದವಳಲ್ಲ. ಬೈಯುವಾಗಲೂ 'ನಿಮ್ಮ ತಲಿ' ಎಂದೇ ಬೈಯುತ್ತಿದ್ದಳು.

"ಅಲ್ಲ, ನೀನೇ ಅಂದಿದ್ದಿ, ಎಲ್ಲಾ ಅಳಿಸೀನಿ ಅಂತ..."

"ಅಳಿಸೀನಿ ಅಂದೆ. ಇನ್ನಾ ತೊಳಿಯೋದು ಬಾಕಿ ಅದ, ಮುಟ್ಟಬ್ಯಾಡ್ರಿ ಅಂತನೂ ಅಂದಿದ್ದೆ. ಅರ್ಧಾ ಮಾತು ಕಿವ್ಯಾಗ ಬಿದ್ದ ಕೂಡ್ಲೇ ಎದ್ದು ಓಡೋದೇನು?"

"ಚಿಂತಿ ಮಾಡಬ್ಯಾಡ," ಎಂದು ಕಾಶೀರಾಮ ನಕ್ಕ. "ನಾ ಅಷ್ಟು ದಡ್ಡ ಅಲ್ಲ." ಒಳಗೆ ಹೋಗಿ ಗೋಡೆಯ ಗೂಟದಿಂದ ಏನನ್ನೋ ಬಿಚ್ಚಿ ತಂದು ಅವಳ ಅಂಗೈಯಲ್ಲಿಟ್ಟ. ಅದು ಆ ಕಂಪ್ಯೂಟರಿನ ಮೌಸು. ಬಾಲದಂಥ ವೈರನ್ನು ಚೆಂದಾಗಿ ಸುತ್ತಿ ಗಂಟು ಹಾಕಿದ್ದ. "ಹಗ್ಗ ಕೊಟ್ಟಿಲ್ಲ ನಾ. ನಮ್ಮನೀದು ನಮ್ಮನ್ಯಾಗೇ ಅದ."

ಆ ಸೀಮೆಯಲ್ಲಿ ಎತ್ತು ಮಾರಿದವನು ಎತ್ತಿನ ಕೊರಳ ಹಗ್ಗ ಬಿಚ್ಚಿಕೊಂಡು ಬರುತ್ತಾನೆ, ಕೊಂಡವನು ತನ್ನ ಹಗ್ಗ ತಂದು ಕಟ್ಟಿಕೊಂಡು ಹೋಗುತ್ತಾನೆ. ಹಗ್ಗ ಉಳಿದರೆ ಮನೆಯ ಸಿರಿ, ಬರಕತ್ತು ಉಳಿಯಿತು, ಎತ್ತಿನ ಹಿಂದೆ ಮನೆ ಹೊರಗೆ ಹೋಗಲಿಲ್ಲ ಎಂದು ಲೆಕ್ಕ. ಆ ವರ್ಷ, ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ವರ್ಷ, ಔರಾದಿನ ಹಳ್ಳಿಗಳಲ್ಲಿ ಮೇವೂ ಇರಲಿಲ್ಲ, ನೀರೂ ಇರಲಿಲ್ಲ. ದನ ಮಾರಿ ಪುಣೆಗೆ, ಹೈದರಾಬಾದಿಗೆ ಹೊರಟವರು ಹಗ್ಗಗಳನ್ನು ಕಾಶೀರಾಮನ ಮನೆಯಲ್ಲಿ ಬಿಟ್ಟು ಹೋದರು. ಮಳೆ ಬಂದ ಮೇಲೆ ಬಂದು ಮತ್ತೆ ಎತ್ತು ಕಟ್ಟುತ್ತೇವೆ, ಅಲ್ಲಿಯತನಕ ಇರಲಿ ಎಂದು. ಅವನ ನಡುಮನೆಯ ಗೋಡೆ ತುಂಬ ಹಗ್ಗಗಳೇ. ಅದೇ ಜನ ತಮ್ಮ ಕಾಗದಪತ್ರಗಳನ್ನು ಕೌಸಲ್ಯಾಬಾಯಿಯ ಕಂಪ್ಯೂಟರಿನಲ್ಲಿ ಬಿಟ್ಟು ಹೋದರು. ತಗಡಿನ ಗುಡಿಸಲಲ್ಲಿ ರೇಷನ್ ಕಾರ್ಡು ನೆನೆಯುತ್ತದೆ, ಇಲಿ ತಿನ್ನುತ್ತದೆ. ಅಕ್ಕನ ಡಬ್ಬಿಯಲ್ಲಿದ್ದರೆ ಫೋನ್ ಮಾಡಿದ ಕೂಡಲೇ ಕಳಿಸುತ್ತಾಳೆ ಎಂಬ ಧೈರ್ಯ.

ಹೊಸ ಕಂಪ್ಯೂಟರ್ ಬಂದಾಗ ಅವಳು ಎಲ್ಲವನ್ನೂ ಅದಕ್ಕೆ ಸಾಗಿಸಿ ಹಳೆಯದರಲ್ಲಿ ಅಳಿಸಿದ್ದಳು. ಅಳಿಸಿದರೆ ಹೋಗುವುದಿಲ್ಲ ಎಂದು ಅವಳಿಗೆ ಗೊತ್ತು. ಯಾರದೋ ಮದುವೆಯ ಫೋಟೋಗಳು ಅಳಿಸಿಹೋಗಿ ಅತ್ತುಕೊಂಡು ಬಂದಾಗ ಅವಳೇ ಕೂತು ಒಂದೊಂದಾಗಿ ಎತ್ತಿಕೊಟ್ಟಿದ್ದಳು. ಅಳಿಸುವುದೆಂದರೆ ಬಾಗಿಲ ಮೇಲಿನ ಹೆಸರಿನ ಹಲಗೆ ಕಿತ್ತ ಹಾಗೆ. ಒಳಗಿನ ಮನುಷ್ಯ ಅಲ್ಲೇ ಇರುತ್ತಾನೆ. ಪೂರಾ ಹೋಗಬೇಕೆಂದರೆ ಡಿಸ್ಕಿನ ಮೂಲೆ ಮೂಲೆಗೂ ಬೇರೆ ಏನಾದರೂ ಬರೆದು ತುಂಬಬೇಕು, ಅದಕ್ಕೆ ದಿನಗಟ್ಟಲೆ ಕರೆಂಟು ಬೇಕು. ಆ ಬೇಸಿಗೆಯಲ್ಲಿ ಕರೆಂಟು ಎಲ್ಲಿತ್ತು? ಶುರು ಮಾಡಿದಾಗಲೆಲ್ಲ ನಡುವೆ ಕೈಕೊಡುತ್ತಿತ್ತು. ಭಾಲ್ಕಿಯಿಂದ ಬಂದು ಮುಗಿಸುತ್ತೇನೆಂದು ಸೀರೆ ಹೊದಿಸಿ ಹೋಗಿದ್ದಳು.

"ಬೀದರತನಕ ಹ್ಯಾಂಗ ಒಯ್ದಿ? ಬಸ್ಸಿನ್ಯಾಗ?"

"ಇಲ್ಲ, ದತ್ತಾತ್ರಿ ಬಂದಿದ್ದ. ಪಾಪ, ಅವನೇ ಮೋಟಾರ್ ಸೈಕಲ್ ಮ್ಯಾಲ ಕಟಗೊಂಡು ನನ್ನೂ ಕೂಡಿಸ್ಕೊಂಡು ಹೋದ. ಚಹಾನೂ ಅವನೇ ಕುಡಿಸ್ದ."

ದತ್ತಾತ್ರಿ ಎಂದರೆ ಭಾಲ್ಕಿಯ ದತ್ತಾತ್ರಿ. ಶೇವಂತಾಳ ಗಂಡ.

ಶೇವಂತಾ ಔರಾದಿನ ಹುಡುಗಿ, ಅಂಗಡಿಯ ಹಿಂದಿನ ಓಣಿಯವಳು. ಬಿಸಿ ಹಂಚಿನಿಂದ ಸುಟ್ಟ ಅಂಗೈಗೆ ಅರಿವೆ ಸುತ್ತಿಕೊಂಡು, ಮಗಳನ್ನು ಕರೆದುಕೊಂಡು ಗಂಡನ ಮನೆ ಬಿಟ್ಟು ಬಂದಿದ್ದಳು. ಹೇಳಿಕೊಳ್ಳಲು ಹೋದ ಕಡೆಯಲ್ಲೆಲ್ಲ 'ಗಂಡ ಹೆಂಡ್ರ ಜಗಳ, ಮನಿಗಿ ಹೋಗವ್ವ' ಎಂದು ಕಳಿಸಿದ್ದರು. ದತ್ತಾತ್ರಿ ಓಣಿಯಲ್ಲಿ ನಿಂತು, ಎಲ್ಲಿ ಸಿಕ್ಕರೂ ಕಡಿದು ಹಾಕುತ್ತೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೋಗಿದ್ದ. ಆಮೇಲೆ ಬರ ಬಂತು, ಊರಿಗೆ ಊರೇ ಗಂಟು ಕಟ್ಟಿತು, ಆ ಗದ್ದಲದಲ್ಲಿ ಶೇವಂತಾ ಮಗಳ ಸಮೇತ ಪುಣೆಗೆ ಹೋಗಿಬಿಟ್ಟಳು. ಹೊರಡುವ ಮುಂಚೆ ಮಗಳ ಶಾಲೆಯ ಅರ್ಜಿ, ಅದರಲ್ಲಿ ಇಳಿದುಕೊಳ್ಳಲಿದ್ದ ಪುಣೆಯ ವಿಳಾಸ, ಎಲ್ಲವನ್ನೂ ಕೌಸಲ್ಯಾಬಾಯಿ ಆ ಹಳೆಯ ಕಂಪ್ಯೂಟರಿನಲ್ಲೇ ಟೈಪ್ ಮಾಡಿದ್ದಳು. 'ಅಕ್ಕಾ, ಇದು ನಿಮಗ ಮತ್ತ ಈ ಡಬ್ಬಿಗಿ ಬಿಟ್ರ ಇನ್ಯಾರಿಗೂ ಗೊತ್ತಾಗಬಾರದು' ಎಂದಿದ್ದಳು ಶೇವಂತಾ. ಕೌಸಲ್ಯಾಬಾಯಿ ಗಂಡನಿಗೂ ಹೇಳಿರಲಿಲ್ಲ. ಮೂರನೆಯವರು ಯಾರೂ ಇರಲಿಲ್ಲ.

"ಅವನ್ಯಾಕ ಬಂದಿದ್ದ ಅಂತ ಒಮ್ಮಿಯರೆ ಕೇಳ್ದಿ? ದಿನಾ ನನ್ನ ದುಕಾನಿನ ಮುಂದ ನಾಯಿ ಹಂಗ ಕೂಡ್ತಿದ್ದ, ಕಾಣಲಿಲ್ಲ ನಿನಗ? ಎತ್ತಿನ ಹಲ್ಲು ನೋಡಿ ವಯಸ್ಸು ಹೇಳ್ತಿ, ಮನುಷ್ಯಾಂದು ಮಾರಿ ನೋಡಿ ಏನೂ ತಿಳೀಲಿಲ್ಲ! ತಲ್ಯಾಗ ಏನ್ ತುಂಬಕೊಂಡೀದಿ, ಜ್ವಾಳದ ಕಣಕಿಯೇನು?"

ಮೌಸನ್ನು ಅವನ ಎದೆಗೆ ಎಸೆದು, ಚಪ್ಪಲಿ ಮೆಟ್ಟಿ ಹೊರಬಿದ್ದಳು. ಬೀದರಿನ ಬಸ್ಸು ಹೊರಡುವುದರಲ್ಲಿತ್ತು. ಕಾಶೀರಾಮನೂ ಓಡೋಡಿ ಬಂದು ಹತ್ತಿದ. ಪಕ್ಕದಲ್ಲಿ ಕೂಡಲು ಬಂದಾಗ ಅವಳು ಸೀಟಿನ ಮೇಲೆ ತನ್ನ ಚೀಲ ಇಟ್ಟಳು. ಅವನು ಹಿಂದೆ ಹೋಗಿ ನಿಂತುಕೊಂಡ.

ದಾರಿಯುದ್ದಕ್ಕೂ ಶೇವಂತಾಳಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಕೆಲಸದ ಹೊತ್ತಿನಲ್ಲಿ ಮೇಸ್ತ್ರಿ ಫೋನ್ ಇಸಿದುಕೊಳ್ಳುತ್ತಾನೆಂದು ಅವಳು ಹೇಳಿದ್ದು ನೆನಪಿತ್ತು. ಆ ಮೇಸ್ತ್ರಿಯನ್ನೂ ಬೈದಳು, ಕಿಟಕಿಗೆ ಹೊಡೆಯುವ ಬಿಸಿಗಾಳಿಯನ್ನೂ ಬೈದಳು. ಜನವಾಡದಲ್ಲಿ ಗಂಟುಮೂಟೆ ಹೊತ್ತ ಒಂದು ಸಂಸಾರ ಹತ್ತಿತು. ಅದರಲ್ಲಿದ್ದ ಮುದುಕಿ ಅವಳ ಗುರುತು ಹಿಡಿದು, "ಜೈಭೀಮ್ ಬಾಯಿ, ನಮ್ಮ ಕಾಗದ ಎಲ್ಲಾ ಹುಷಾರ ಅವಲ್ರಿ?" ಎಂದು ಕೇಳಿದಳು. ಕೌಸಲ್ಯಾಬಾಯಿ ತಲೆಯಾಡಿಸಿ ಮುಖ ತಿರುಗಿಸಿದಳು, ನಾಚಿಕೆಯಾಯಿತು.

ನಜಮೋದ್ದೀನನ ಅಂಗಡಿ ಬೀದರಿನ ಚೌಬಾರಾ ಗೋಪುರದ ಹತ್ತಿರದ ಗಲ್ಲಿಯೊಳಗೆ. ಒಡೆದ ಟಿವಿ, ಬಿಚ್ಚಿದ ಫ್ಯಾನು, ಕೀಬೋರ್ಡುಗಳ ರಾಶಿಯ ನಡುವೆ ಅವಳ ಕಂಪ್ಯೂಟರ್ ಇನ್ನೂ ಮೇಜಿನ ಮೇಲೇ ಇತ್ತು. ಅವಳಿಗೆ ಒಂದು ಗಳಿಗೆ ಉಸಿರು ಬಂತು. ಅಷ್ಟರಲ್ಲಿ ನಜಮೋದ್ದೀನ ಕಾಶೀರಾಮನನ್ನು ನೋಡಿ ಖುಷಿಯಿಂದ ಎದ್ದ.

"ಆವೋ ಭಾಯಿಸಾಬ! ನಿಮ್ಮ ಜೋಡಿ ಬಂದಿದ್ದ ಹುಡುಗಂದು ಕೆಲಸ ಆಯ್ತು ನೋಡ್ರಿ. ಇವತ್ತು ಮುಂಜಾನಿ ಒಬ್ಬನೇ ಬಂದು ಕುಂತಿದ್ದ, ಅಳ್ಕೋತ. ಮಗಳ ಫೋಟೋ ಇದರಾಗ ಇತ್ತು, ಅಳಿಸಿ ಹೋಗ್ಯಾದ, ಹ್ಯಾಂಗರೆ ಮಾಡಿ ತೆಗದು ಕೊಡ್ರಿ ಅಂದ. ನನಗೂ ಹೆಣ್ಮಕ್ಕಳು ಅವ್ರಿ. ರೊಕ್ಕಾನೂ ತಗೊಳ್ಳಲಿಲ್ಲ ನಾ."

"ಏನ್ ತೆಗದು ಕೊಟ್ಟಿ?" ಎಂದಳು ಕೌಸಲ್ಯಾಬಾಯಿ.

"ಒಂದು ಸಾಲಿ ಅರ್ಜಿ ಸಿಕ್ತು, ಕೂಸಿನ ಫೋಟೋ ಹಚ್ಚಿದ್ದು. ಅದರದೇ ಪ್ರಿಂಟ್ ಕೇಳ್ದ, ಕೊಟ್ಟೆ. ಕಣ್ಣಿಗೊತ್ತಿಕೊಂಡು ಹೋದ ಬಾಯಿ, ಖರೇನೇ ಹೇಳ್ತೀನಿ. ಭಾಲ್ಕಿಗಿ ಹೋಗಿ ಸಂಜೀ ಪುಣೆ ಗಾಡಿ ಹಿಡೀತೀನಿ ಅಂದ."

ಕೌಸಲ್ಯಾಬಾಯಿ ಮೇಜಿನ ಮೇಲೆ ಎರಡೂ ಕೈ ಬಡಿದಳು. ಸ್ಕ್ರೂಗಳ ಡಬ್ಬಿ ಮಗುಚಿ ನೆಲದ ತುಂಬ ಚೆಲ್ಲಿತು. ಆ ಮನುಷ್ಯ ಯಾರು, ಹೆಂಡತಿಯ ಕೈ ಏನು ಮಾಡಿದ್ದ, ಆ ಕಾಗದದಲ್ಲಿ ಯಾರ ವಿಳಾಸ ಇತ್ತು, ಎಲ್ಲವನ್ನೂ ಗಲ್ಲಿಗೆ ಕೇಳುವ ಹಾಗೆ ಒದರಿದಳು. ನಜಮೋದ್ದೀನ ಕುರ್ಚಿಯಲ್ಲಿ ಕುಸಿದ. "ಅಲ್ಲಾ ಕಸಮ್ ಬಾಯಿ, ನನಗ ಗೊತ್ತಿದ್ದಿಲ್ಲ," ಎನ್ನುತ್ತ ಕಿವಿ ಹಿಡಿದುಕೊಂಡ.

"ಯಾರಿಗೂ ಏನೂ ಗೊತ್ತಿರೂದಿಲ್ಲ! ಅಂವಗ ಗೊತ್ತಿಲ್ಲ, ನಿನಗ ಗೊತ್ತಿಲ್ಲ, ಎಲ್ಲಾರೂ ಒಳ್ಳೇ ಮಂದಿ. ಅಲ್ಲಿ ಆಕಿ ಕುತ್ತಿಗಿ ಹೋಗ್ತದ. ತೆಗಿ ಆ ಡಿಸ್ಕ್. ನನ್ನ ಕಣ್ಣ ಮುಂದ ತೆಗಿ."

ಅವನು ಡಬ್ಬಿ ಬಿಚ್ಚಿ ಡಿಸ್ಕ್ ಹೊರಗೆ ತೆಗೆದ. ತೊಳೆಯುವ ಪ್ರೋಗ್ರಾಮು ಹಾಕಲೇ ಎಂದು ಕೇಳಿದ. ಕಾಯುವ ಹೊತ್ತೂ ಇರಲಿಲ್ಲ, ತಾಳ್ಮೆಯೂ ಇರಲಿಲ್ಲ. ಗೋಡೆಗೆ ತೂತು ಹೊಡೆಯುವ ಡ್ರಿಲ್ ಮಷೀನನ್ನು ಅವಳೇ ತೋರಿಸಿದಳು. ನಜಮೋದ್ದೀನ ಡಿಸ್ಕನ್ನು ಇಕ್ಕಳದಲ್ಲಿ ಬಿಗಿದು ಆಚೆಯಿಂದೀಚೆಗೆ ತೂತು ಹೊಡೆದ, ಅವಳು ಇನ್ನೊಂದು ಹೊಡಿ ಎಂದಳು, ಮತ್ತೊಂದು ಎಂದಳು. ಕಬ್ಬಿಣದ ಪುಡಿ ಹಾರಿ ಅವಳ ಸೆರಗಿಗೆ ಬಿತ್ತು. ಊರ ಮಂದಿಯ ಹೆಬ್ಬೆಟ್ಟು, ಮುಖ, ವಿಳಾಸ ಇದ್ದ ಆ ತಟ್ಟೆ ಜರಡಿಯಾಯಿತು. ಆದರೂ ಅವಳ ಸಿಟ್ಟು ಇಳಿಯಲಿಲ್ಲ. ದತ್ತಾತ್ರಿ ಓದಿಕೊಂಡು ಹೋದದ್ದನ್ನು ಯಾವ ಮಷೀನು ಅಳಿಸಬೇಕು?

ಗಲ್ಲಿಯ ಬಾಯಿಗೆ ಬಂದಾಗ ಫೋನ್ ರಿಂಗಾಯಿತು. ಶೇವಂತಾ.

"ಯಾಕ್ರಿ ಅಕ್ಕಾ, ಇಷ್ಟು ಸಲ ಹಚ್ಚೀರಿ? ಊಟದ ಸುಟ್ಟಿ ಅದ ಈಗ."

ಕೌಸಲ್ಯಾಬಾಯಿ ಸುತ್ತಿ ಬಳಸಿ ಮಾತಾಡಲಿಲ್ಲ. "ನನ್ನ ಕಡಿಂದ ತಪ್ಪಾಗ್ಯಾದವ್ವ. ಅವನಿಗಿ ನಿನ್ನ ವಿಳಾಸ ಸಿಕ್ಕದ. ಭಾಲ್ಕಿಗಿ ಹೋಗ್ಯಾನ, ಸಂಜೀ ಗಾಡಿಗಿ ಪುಣೆಗೆ ಹೊಂಡ್ತಾನ. ಈಗಿಂದೀಗ ಕೂಸಿನ್ನ ಕರಕೊಂಡು ಅಲ್ಲಿಂದ ಹೋಗಿಬಿಡು."

ಆ ಕಡೆ ಸಿಮೆಂಟು ಕಲಸುವ ಮಷೀನು ತಿರುಗುವುದು ಕೇಳುತ್ತಿತ್ತು.

"ಎಲ್ಲಿಗಿ ಹೋಗ್ಲಿ?" ಎಂದಳು ಶೇವಂತಾ. "ಊರ ಬಿಟ್ಟೆ. ನಂಬರ್ ಬದಲ್ ಮಾಡ್ದೆ. ಇಲ್ಲಿ ಮಂದಿ ಹೆಸರ ಕೇಳಿದ್ರ ಬ್ಯಾರೆ ಹೆಸರ ಹೇಳ್ತೀನಿ, ಕೂಸಿಗೂ ಅದೇ ಕಲಿಸೀನಿ. ನಮ್ಮ ಕಡಿ ಮಂದೀನೇ ಪಕ್ಕದ ಗುಡಿಸಲದಾಗ ಅದಾರ, ಅವರಿಗೂ ನನ್ನ ಗಂಡ ಸತ್ತಾನ ಅಂತ ಹೇಳೀನಿ. ಅಳಿಸ್ಕೋತ ಅಳಿಸ್ಕೋತ ನಾನೇ ಇಲ್ಲದಂಗ ಆಗೀನಿ ಅಕ್ಕಾ. ಅಂವ ಏನರೆ ಅಳಿಸ್ಕೊಂಡಾನೇನು? ಒಂದರೆ?"

ಇಷ್ಟು ಹೊತ್ತು ಗಂಡನ ಮೇಲೆ, ನಜಮೋದ್ದೀನನ ಮೇಲೆ, ಕರೆಂಟಿನ ಮೇಲೆ ಹಂಚಿಹೋಗಿದ್ದ ಕೌಸಲ್ಯಾಬಾಯಿಯ ಸಿಟ್ಟೆಲ್ಲ ಒಂದೇ ಕಡೆಗೆ ಬಂದು ನಿಂತಿತು. ಹೌದಲ್ಲ! ಸುಟ್ಟುಕೊಂಡವಳು ಅಡಗಬೇಕು, ಸುಟ್ಟವನು ಹಾಡಹಗಲೇ ಎಲ್ಲರ ಎದುರು ಅತ್ತು ಪುಕ್ಕಟೆ ಪ್ರಿಂಟ್ ತೆಗೆಸಿಕೊಂಡು ಹೋಗಬೇಕು. ಇದ್ಯಾವ ನ್ಯಾಯ?

"ಮಂದಿಗೆ ಹೇಳಿಬಿಡ್ಲೇನು?" ಎಂದಳು. "ಎಲ್ಲಾರಿಗೂ?"

"ಹೇಳ್ರಿ ಅಕ್ಕಾ. ನಾ ಏನ್ ಕಳವು ಮಾಡೀನೇನು ಮುಚ್ಚಿಡ್ಲಿಕ್ಕ? ನಾ ಇಲ್ಲೂ ಹೇಳ್ತೀನಿ ಈಗ. ಹೇಳಿಬಿಡ್ರಿ."

ಭಾಲ್ಕಿ ನಿಲ್ದಾಣ ಮುಟ್ಟುವಾಗ ಬಿಸಿಲು ಓರೆಯಾಗಿತ್ತು. ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಾತ್ರೆಯ ಗಂಟು, ಸುತ್ತಿದ ಕೌದಿ, ನೀರಿನ ಕೊಡ, ಅವುಗಳ ಮೇಲೆ ಒರಗಿ ನಿದ್ದೆ ಹೋದ ಮಕ್ಕಳು. ಔರಾದಿನವರು, ಭಾಲ್ಕಿಯವರು, ಸುತ್ತಲಿನ ಹಳ್ಳಿಯವರು; ಅರ್ಧಕ್ಕರ್ಧ ಮಂದಿ ಕೌಸಲ್ಯಾಬಾಯಿಯ ಬೈಗುಳ ತಿಂದು ಪ್ರಿಂಟ್ ತೆಗೆಸಿಕೊಂಡವರೇ. ಅವರ ನಡುವೆ ದತ್ತಾತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದ. ಎದೆಯ ಜೇಬಿನಲ್ಲಿ ಮಡಚಿದ ಕಾಗದ ಕಾಣುತ್ತಿತ್ತು. ಅವಳನ್ನು ನೋಡಿ ಕೈ ಮುಗಿದ.

"ನಮಸ್ಕಾರ್ರಿ ಬಾಯಿ. ಹೆಂಡ್ತಿನ್ನ ಕರಕೊಂಡು ಬರ್ಲಿಕ್ಕ ಹೊಂಟೀನಿ. ನಿಮ್ಮ ಉಪಕಾರ ಮರೀಲಿಕ್ಕ ಆಗೂದಿಲ್ಲ." ನಗುತ್ತಲೇ ಹೇಳಿದ.

ಅವಳು ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಳು. ಕೂಗಿದಳು, ಗದ್ದಲದಲ್ಲಿ ದನಿ ಎರಡು ಗಂಟುಗಳಾಚೆ ಹೋಗಲಿಲ್ಲ. ಆಗ ಬೆಂಚಿನ ಕೆಳಗೆ ನಿಂತಿದ್ದ ಕಾಶೀರಾಮ ಅಂಗೈಗಳನ್ನು ಬಾಯಿಗೆ ಹಚ್ಚಿ ಸಂತೆಯ ಕೂಗು ಹಾಕಿದ.

"ಏಯ್ ಮಂದೀ! ಇಲ್ಲಿ ನೋಡ್ರೋ! ಔರಾದ ಕಾಶೀರಾಮ ಕೂಗ್ಲಿಕ್ಕತ್ತೀನಿ! ನನ್ನ ಹೆಂಡ್ತಿ ಮಾತು ಕೇಳ್ರಿ!"

ಸಾವಿರ ದನಗಳ ನಡುವೆ ಬೆಲೆ ಕೂಗಿ ಪಳಗಿದ ದನಿ ಅದು. ಪ್ಲಾಟ್‌ಫಾರ್ಮು ಸುಮ್ಮನಾಯಿತು. ಮಕ್ಕಳು ಎದ್ದು ಕೂತವು.

"ಈ ಬಿಳಿ ಅಂಗಿಯಂವನ್ನ ನೋಡ್ರಿ," ಎಂದಳು ಕೌಸಲ್ಯಾಬಾಯಿ. "ಇಂವ ದತ್ತಾತ್ರಿ. ನಮ್ಮ ಔರಾದದ ಶೇವಂತಾನ ಗಂಡ. ಆಕಿ ಕೈ ಕಾದ ಹಂಚಿನ ಮ್ಯಾಲ ಇಟ್ಟು ಒತ್ತಿದಂವ. ಆಕಿ ಕೂಸಿನ್ನ ಕರಕೊಂಡು ಪುಣೆದಾಗ ಗಾರಿ ಹೊತ್ತು ತಿನ್ಲಿಕ್ಕತ್ಯಾಳ. ಆಕಿ ವಿಳಾಸ ನನ್ನ ಕಂಪ್ಯೂಟರದಾಗ ಇತ್ತು. ಇಂವ ಸುಳ್ಳು ಹೇಳಿ ಅದನ್ನ ತೆಗಿಸ್ಕೊಂಡಾನ, ನೋಡ್ರಿ, ಅವನ ಜೇಬಿನಾಗೇ ಅದ. ಆಕಿನ್ನ ಕಡೀಲಿಕ್ಕ ಹೊಂಟಾನ. ನೀವೆಲ್ಲಾ ಅಲ್ಲಿಗೇ ಹೊಂಟೀರಿ. ಇವನ ಮಾರಿ ನೋಡಿ ಇಟ್ಕೋರಿ!"

"ಮನಿ ಮಾತು ಬೀದ್ಯಾಗ ಯಾಕ ತರ್ತೀರಿ," ಎಂದು ದತ್ತಾತ್ರಿ ರೇಗಿದ. "ಗಂಡ ಹೆಂಡ್ರ ನಡುವ ನೀವ್ಯಾರು?"

ಗಂಟಿನ ಮೇಲೆ ಕೂತಿದ್ದ ಗಿರಿಜಾಬಾಯಿ ಎಂಬ ಹೆಂಗಸು ಸೊಂಟ ಹಿಡಿದುಕೊಂಡು ಎದ್ದಳು. ಅವನ ಎದುರು ಹೋಗಿ, ಮೊಳದಂತರದಲ್ಲಿ ನಿಂತು, ಅವನ ಮುಖವನ್ನು ಕೆಳಗಿಂದ ಮೇಲಕ್ಕೆ ನಿಧಾನವಾಗಿ ನೋಡಿದಳು. "ನೋಡ್ಕೊಂಡೆ," ಎಂದು ವಾಪಸು ಬಂದು ಕೂತಳು. ಅವಳ ಹಿಂದೆ ಇನ್ನೊಬ್ಬಳು ಎದ್ದಳು. ಮರಿಯಮಬೀ ಎಂಬ ಮುದುಕಿ ಕೋಲೂರಿಕೊಂಡು ಬಂದು, ಕಣ್ಣು ಸರಿಯಾಗಿ ಕಾಣದೆ, ಅವನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿ, "ನೋಡ್ಕೊಂಡೆವ್ವ," ಎಂದಳು. ಗಂಡಸರೂ ಎದ್ದರು. ಹುಡುಗರು ಫೋನ್ ತೆಗೆದು ಅವನ ಫೋಟೋ ಹೊಡೆದರು. ಅವನು ಕೈ ಅಡ್ಡ ಹಿಡಿದ, ಕೈಯ ಸಂದಿನಿಂದಲೂ ಹೊಡೆದರು. "ಕಳಿಸ್ದೆ ಅಕ್ಕಾ, ನಮ್ಮಣ್ಣಗ," ಎಂದ ಒಬ್ಬ. "ನಮ್ಮ ಸೈಟಿನವರಿಗೆಲ್ಲಾ ಹೋತು," ಎಂದ ಇನ್ನೊಬ್ಬ.

"ಅಳಿಸ್ರೋ ಅದನ್ನ!" ಎಂದು ದತ್ತಾತ್ರಿ ಕಿರುಚಿದ. ಅವನ ನಗು ಎಲ್ಲಿ ಹೋಯಿತೋ.

"ನೀನೇ ಅಳಿಸು ನೋಡೂಣು," ಎಂದಳು ಕೌಸಲ್ಯಾಬಾಯಿ. ಬೆಂಚಿನಿಂದಿಳಿದು ಅವನ ಜೇಬಿಗೆ ಕೈ ಹಾಕಿ ಕಾಗದ ಕಿತ್ತುಕೊಂಡಳು. ಅವನು ಕೈ ಎತ್ತಿದ. ಎತ್ತಿದ ಕೈಯ ಸುತ್ತ ಅಷ್ಟು ಜನ ನಿಂತಿದ್ದರಿಂದ ಅದು ತಾನಾಗಿಯೇ ಕೆಳಗಿಳಿಯಿತು.

ಗಾಡಿ ಬಂತು. ಗಂಟು, ಕೊಡ, ಮಕ್ಕಳು, ಕೂಗಾಟ. ಗಿರಿಜಾಬಾಯಿ ಡಬ್ಬಿಯ ಬಾಗಿಲಲ್ಲಿ ನಿಂತು ಕೈ ಚಾಚಿದಳು. "ಬಾರಪಾ, ಹತ್ತು. ನಮ್ಮ ಡಬ್ಬಿಗೇ ಬಾ. ಹಾದಿ ತುಂಬಾ ಮಾತಾಡ್ಕೋತ ಹೋಗೂಣು." ಅವಳ ಹಿಂದೆ ಒಂದು ಡಬ್ಬಿ ತುಂಬ ಹೆಂಗಸರು ಅವನನ್ನೇ ನೋಡುತ್ತಿದ್ದರು. ದತ್ತಾತ್ರಿ ಹತ್ತಲಿಲ್ಲ. ಗಾಡಿ ಹೋದ ಮೇಲೆ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ಬಿಳಿ ಅಂಗಿ ಒಂದೇ ಉಳಿಯಿತು, ಅದೂ ಸ್ವಲ್ಪ ಹೊತ್ತಿಗೆ ಗೇಟು ದಾಟಿ ಹೋಯಿತು.

ಕೌಸಲ್ಯಾಬಾಯಿ ಕಾಗದವನ್ನು ಚೂರು ಚೂರು ಹರಿದು, ಆ ಚೂರುಗಳನ್ನೂ ನಂಬದೆ ಸೆರಗಿನಲ್ಲಿ ಕಟ್ಟಿಕೊಂಡಳು. ಒಲೆಗೇ ಹಾಕುತ್ತೇನೆ ಎಂದುಕೊಂಡಳು. ಕಾಶೀರಾಮ ಅಂಜುತ್ತ ಹತ್ತಿರ ಬಂದ. ಅಂಗಿಯ ಜೇಬಿನಿಂದ ಮೌಸಿನ ಬಾಲ ಹೊರಗೆ ಇಣುಕುತ್ತಿತ್ತು. ಇಡೀ ದಿನ ಅದನ್ನು ಹೊತ್ತುಕೊಂಡೇ ತಿರುಗಿದ್ದ.

"ತಪ್ಪಾತು," ಎಂದ. "ಮತ್ತೇನ್ ಮಾಡ್ಲಿ ಹೇಳು."

ಅವಳು ಅವನನ್ನು ನೋಡಿದಳು. ಸಿಟ್ಟು ಇನ್ನೂ ಇತ್ತು, ಬೆಳಗಿನಷ್ಟೇ ಇತ್ತು. ಆದರೆ ಈಗ ಅದು ಅವನೊಬ್ಬನ ಮೇಲಿನ ಸಿಟ್ಟಾಗಿರಲಿಲ್ಲ.

"ಇನ್ನೊಮ್ಮಿ ಮನ್ಯಾಗಿಂದು ಏನರೆ ಮಾರೂದಿದ್ರ," ಎಂದಳು, "ಹಗ್ಗ ಮಾರ್ರಿ. ಎತ್ತು ಮನ್ಯಾಗ ಇರ್ಲಿ. ನಡೀರಿ ಈಗ, ಔರಾದ ಬಸ್ ತಪ್ತದ."